ಕಟ್ಟೆ ನೀರು, ಕಡಲ ನೀರು

ಬೋರನಕಣಿವೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಅದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಜಲಾಶಯ. ಗುಡ್ಡಗಳ ನಡುವೆ ಸುವರ್ಣಮುಖಿ ಹೊಳೆಗೆ ಅಡ್ಡವಾಗಿ ಕಟ್ಟೆ ಕಟ್ಟಿದ್ದಾರೆ. ಮೈಸೂರು ಅರಸರ ಕಾಲದ ಕೆಲಸ. ಕಟ್ಟಿ ನೂರು ವರ್ಷದ ಮೇಲಾಯಿತು. ಮಳೆ ಕೈಕೊಟ್ಟರೆ ನೀರು ತಳ ಸೇರುತ್ತದೆ. ಮಳೆ ಚೆನ್ನಾಗಿ ಆಗಿ ನೀರು ತುಂಬಿದರೆ ಸುತ್ತಿನ ಊರಿನ ಜನ ನೋಡಲು ಬರುತ್ತಾರೆ. ಮಕ್ಕಳು ಮರಿ ಕಟ್ಟಿಕೊಂಡು, ಬುತ್ತಿ ತಂದು, ಏರಿ ಮೇಲೆ ಕೂತು ಉಣ್ಣುತ್ತಾರೆ. ನಾವು ಬಯಲುಸೀಮೆಯವರು. ನೀರು ಕಂಡರೆ ನಮಗೆ ಹಬ್ಬ.

ಈ ನೀರು ತುಂಬಿ ಹರಿದರೆ ಎಲ್ಲಿಗೆ ಹೋಗುತ್ತದೆ ಗೊತ್ತೇ? ಸುವರ್ಣಮುಖಿ ಹಿರಿಯೂರು ಕಡೆ ಹೋಗಿ ವೇದಾವತಿಯನ್ನು ಸೇರುತ್ತದೆ. ವೇದಾವತಿ ತುಂಗಭದ್ರೆಗೆ ಸೇರುತ್ತದೆ. ತುಂಗಭದ್ರೆ ಕೃಷ್ಣೆಗೆ. ಕೃಷ್ಣೆ ಆಂಧ್ರ ದಾಟಿ ಮೂಡಲ ಕಡಲಿಗೆ. ನೀರು ಮೂಡಲಿಗೆ ಹೋಗುತ್ತದೆ, ನಾವು ಟೂರು ಹೋಗುವುದು ಮಾತ್ರ ಪಡುವಲಿಗೆ!

ರಾಗಿ ಒಕ್ಕಣೆ ಮುಗಿಯಿತು, ಕೊಬ್ಬರಿ ಮಾರಿದ ದುಡ್ಡು ಕೈಗೆ ಬಂತು ಅಂದರೆ ಊರಲ್ಲಿ ಟೂರಿನ ಮಾತು. ಧರ್ಮಸ್ಥಳ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ. ದೇವರ ದರ್ಶನ ಮುಗಿದ ಮೇಲೆ ಕಡಲು. ನಮ್ಮ ರಾಜ್ಯಕ್ಕೆ ಸುಮಾರು 320 ಕಿಲೋಮೀಟರ್ ಕಡಲ ದಂಡೆ ಇದೆ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಈ ಮೂರು ಜಿಲ್ಲೆಗಳಲ್ಲಿ ಅದು ಹಬ್ಬಿದೆ. ಕಡಲು ನೋಡಬೇಕು. ಖಂಡಿತ ನೋಡಬೇಕು. ಆ ಕೊನೆಯಿಲ್ಲದ ನೀರನ್ನು ಒಂದು ಸಲವಾದರೂ ಕಣ್ಣಾರೆ ಕಾಣಬೇಕು. ಆದರೆ ಅಲ್ಲಿ ನಮ್ಮವರು ಮಾಡುವುದೇನು? ವ್ಯಾನು ನಿಲ್ಲುತ್ತದೆ. ಡ್ರೈವರ್ "ಅರ್ಧ ಗಂಟೆ ಅಷ್ಟೇ, ಬೇಗ ಬನ್ನಿ" ಅನ್ನುತ್ತಾನೆ. ಎಲ್ಲರೂ ಓಡಿ ಹೋಗಿ ನೀರಿಗೆ ಬೀಳುತ್ತಾರೆ. "ಬಾರೋ, ಕೆರೇಲಿ ಈಜ್ದೋನಿಗೆ ಇದೇನು ಲೆಕ್ಕ" ಅಂತ ಒಬ್ಬ ಇನ್ನೊಬ್ಬನನ್ನು ಎಳೆಯುತ್ತಾನೆ.

ಅಲ್ಲೇ ಇರುವುದು ಅಪಾಯ.

2024ರ ಡಿಸೆಂಬರ್ ತಿಂಗಳಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಮಕ್ಕಳು ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದರು. ಕಡಲಿಗೆ ಇಳಿದವರಲ್ಲಿ ನಾಲ್ಕು ಜನ ಹುಡುಗಿಯರು ಮುಳುಗಿ ಸತ್ತರು. ಕೋಲಾರವೂ ನಮ್ಮ ಹಾಗೆಯೇ ಕೆರೆಗಳ ನಾಡು, ಬಯಲು ನಾಡು.

ಕಟ್ಟೆ ನೀರು ನಿಂತ ನೀರು. ಅಲ್ಲೂ ಹೂಳು ಇದೆ, ಗುಂಡಿ ಇದೆ, ಜೀವ ಹೋಗುವುದುಂಟು. ಆದರೆ ಆ ನೀರು ನಿಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ. ಕಡಲ ನೀರು ನಿಲ್ಲುವುದೇ ಇಲ್ಲ. ಅಲೆ ಮೇಲೆ ಅಲೆ ದಂಡೆಗೆ ನೀರು ತಂದು ಸುರಿಯುತ್ತದೆ. ಬಂದ ನೀರು ಹಿಂದಕ್ಕೆ ಹೋಗಲೇಬೇಕು. ಹೇಗೆ ಹೋಗುತ್ತದೆ? ನೀರೊಳಗೆ ಮರಳಿನ ದಿಬ್ಬಗಳಿವೆ. ದಿಬ್ಬದ ನಡುವೆ ಸಂದು ಇರುತ್ತದೆ. ಆ ಸಂದಿನಲ್ಲಿ ನೀರು ಒಟ್ಟಾಗಿ, ಕಾಲುವೆ ಹರಿದ ಹಾಗೆ, ಜೋರಾಗಿ ಕಡಲ ಒಳಕ್ಕೆ ಓಡುತ್ತದೆ. ತೂಬು ಎತ್ತಿದಾಗ ನೀರು ಹೇಗೆ ನುಗ್ಗುತ್ತದೆ, ನೋಡಿದ್ದೀರಲ್ಲ? ಹಾಗೆಯೇ. ಇದಕ್ಕೆ ಸೆಳವು ಎನ್ನುತ್ತಾರೆ.

ಮೋಸ ಇರುವುದು ಎಲ್ಲಿ ಅಂದರೆ, ಸೆಳವು ಇರುವ ಕಡೆ ಅಲೆ ಕಡಿಮೆ. ಎಡಕ್ಕೂ ಬಲಕ್ಕೂ ಅಲೆ ಒಡೆದು ಬಿಳಿ ನೊರೆ ಏಳುತ್ತಿರುತ್ತದೆ. ನಡುವೆ ಒಂದು ಪಟ್ಟಿ ನೀರು ಸುಮ್ಮನೆ ಇದ್ದಂತೆ ಕಾಣುತ್ತದೆ. ಕೆಲವು ಸಲ ಅಲ್ಲಿ ನೀರಿನ ಬಣ್ಣ ಕಪ್ಪಾಗಿ ಇಲ್ಲವೇ ಮರಳು ಕದಡಿದಂತೆ ಇರುತ್ತದೆ. "ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಒಳ್ಳೇದು" ಅಂತ ನಮ್ಮವರು ಅಲ್ಲೇ ಇಳಿಯುತ್ತಾರೆ. ದಂಡೆಯ ಮೀನುಗಾರರನ್ನು ಕೇಳಿದ್ದರೆ "ಅಮ್ಮಾ, ಅಲ್ಲಿ ಬೇಡ" ಎನ್ನುತ್ತಿದ್ದರು. ನಾವು ಕೇಳುವುದಿಲ್ಲ.

ಮರಳ ದಿಬ್ಬ ಇದ್ದಲ್ಲೇ ಇರುವುದಿಲ್ಲ. ಹೋದ ವರ್ಷ ಮೊಣಕಾಲು ನೀರಿದ್ದ ಜಾಗದಲ್ಲಿ ಈ ವರ್ಷ ಆಳು ಮುಳುಗಬಹುದು. ಉಬ್ಬರ ಇಳಿತವೂ ಇದೆ. ಕಡಲ ನೀರು ದಿನಕ್ಕೆ ಸುಮಾರು ಎರಡು ಸಲ ಏರಿ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಇನ್ನೂ ಹೆಚ್ಚು ಏರುತ್ತದೆ. ನಮ್ಮ ಟೂರುಗಳು ಹುಣ್ಣಿಮೆ, ಅಮಾವಾಸ್ಯೆ ನೋಡಿಯೇ ಹೊರಡುವುದು!

ಸೆಳವಿಗೆ ಸಿಕ್ಕವರು ಏನು ಮಾಡಬೇಕು? ಇದನ್ನು ಎರಡು ಸಲ ಓದಿ. ದಂಡೆ ಕಡೆ ಎದುರು ಈಜಬೇಡಿ. ಎಂಥ ಈಜುಗಾರನೂ ಸೋಲುತ್ತಾನೆ. ಸುಸ್ತಾಗುತ್ತಾನೆ, ಮುಳುಗುತ್ತಾನೆ. ಸೆಳವು ನಿಮ್ಮನ್ನು ದೂರಕ್ಕೆ ಒಯ್ಯುತ್ತದೆ, ಕೆಳಕ್ಕೆ ಎಳೆಯುವುದಿಲ್ಲ. ಅದು ಅಗಲವಾದ ಹೊಳೆಯಲ್ಲ, ಸಣ್ಣ ಕಾಲುವೆ. ಆದ್ದರಿಂದ ಪಕ್ಕಕ್ಕೆ ಈಜಿ. ದಂಡೆ ಉದ್ದಕ್ಕೆ ಹೋಗುವ ಹಾಗೆ ಈಜಿ. ಸೆಳವಿನಿಂದ ಹೊರಗೆ ಬಂದ ಮೇಲೆ ಅಲೆಯ ಜೊತೆ ದಂಡೆಗೆ ಬನ್ನಿ. ಈಜು ಬಾರದವರು ಮುಖ ಮೇಲೆ ಮಾಡಿ ಅಂಗಾತ ತೇಲಬೇಕು, ಒಂದು ಕೈ ಎತ್ತಿ ಕೂಗಬೇಕು. ಹೇಳುವಷ್ಟು ಸುಲಭವಲ್ಲ, ನಿಜ. ಗಾಬರಿ ಆಗೇ ಆಗುತ್ತದೆ. ಆದರೂ ಮೊದಲೇ ತಿಳಿದವನ ಮೈ ಸ್ವಲ್ಪ ಮಾತು ಕೇಳುತ್ತದೆ.

ಹೆಂಗಸರಿಗೆ ಒಂದು ಮಾತು. ಒದ್ದೆ ಸೀರೆ ಭಾರ. ಅಲೆಗೆ ಅದು ಕಾಲಿಗೆ ಸುತ್ತಿಕೊಳ್ಳುತ್ತದೆ. ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನೂ ಜಾರಿಸುತ್ತದೆ. ಸೀರೆ ಉಟ್ಟು ಕಣಕಾಲಿನ ಮೇಲಿನ ನೀರಿಗೆ ಹೋಗಬೇಡಿ. ಅಷ್ಟು ನೀರಲ್ಲಿ ನಿಂತರೂ ಕಡಲು ಕಾಣುತ್ತದೆ.

ಒಬ್ಬರು ಮುಳುಗುವಾಗ ಹಿಂದೆಯೇ ಇನ್ನೊಬ್ಬರು ಹಾರುತ್ತಾರೆ. ಅಣ್ಣನ ಹಿಂದೆ ತಮ್ಮ, ಮಗನ ಹಿಂದೆ ಅಪ್ಪ. ಒಂದು ಹೆಣ ಬೀಳುವಲ್ಲಿ ಎರಡು ಬೀಳುತ್ತವೆ. ಕರುಳು ಕೇಳುವುದಿಲ್ಲ, ಗೊತ್ತು. ಆದರೂ ಬರಿಗೈಲಿ ಹಾರಬೇಡಿ. ತೇಲುವ ವಸ್ತು ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ಕ್ಯಾನು, ಗಾಳಿ ತುಂಬಿದ ಟ್ಯೂಬು ಯಾವುದಾದರೂ ಸರಿ. ಒಣ ತೆಂಗಿನಕಾಯಿ ಜೋಡಿ ಸೊಂಟಕ್ಕೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಅದೇ ಉಪಾಯ ಇಲ್ಲೂ ನಡೆಯುತ್ತದೆ.

ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಪಡುವಣ ಕಡಲಲ್ಲಿ ಯಂತ್ರದ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಮೀನಿನ ಸಂತಾನ ಉಳಿಯಲಿ ಎಂದು ಸರಕಾರ ಈ ನಿಯಮ ಮಾಡಿದೆ. ಮಳೆಗಾಲದ ಕಡಲಿನ ಅಬ್ಬರವೂ ಹಾಗಿರುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ಕಡಲಲ್ಲೇ ಹುಟ್ಟಿ ಬೆಳೆದವರು ದೋಣಿ ದಡಕ್ಕೆ ಎಳೆದಿಟ್ಟಾಗ ನಮಗೇನು ಅಲ್ಲಿ ಸ್ನಾನ? ಆಗ ದಂಡೆಯ ಮೇಲೆ ನಿಂತು ನೋಡಿ ಬನ್ನಿ. ಗೋಕರ್ಣದ ಕಡೆ ಬಂಡೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಹುಡುಗರಿಗೂ ಇದನ್ನೇ ಹೇಳಿ. ಪಾಚಿ ಬಂಡೆ ಜಾರುತ್ತದೆ, ದೊಡ್ಡ ಅಲೆ ಹೇಳಿ ಬರುವುದಿಲ್ಲ.

ದಂಡೆಯಲ್ಲಿ ಬಾವುಟ ಇದ್ದರೆ ನೋಡಿ. ಕೆಂಪು ಬಾವುಟ ಅಂದರೆ ನೀರಿಗೆ ಇಳಿಯಬಾರದು. ಅರ್ಧ ಕೆಂಪು, ಅರ್ಧ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗವನ್ನು ಲೈಫ್‌ಗಾರ್ಡ್‌ಗಳು ಕಾಯುತ್ತಿರುತ್ತಾರೆ. ಇಳಿಯುವುದಾದರೆ ಅಲ್ಲಿ ಇಳಿಯಿರಿ. ಅವರು ವಿಷಲ್ ಊದಿದರೆ ಸಿಟ್ಟಾಗಬೇಡಿ, ಎದ್ದು ಬನ್ನಿ. 2020ರಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ದಂಡೆಗಳಿಗೆ ನೀಲಿ ಬಾವುಟ ಎಂಬ ಮನ್ನಣೆ ಸಿಕ್ಕಿತು. ನೀರು ಶುದ್ಧ ಇರಬೇಕು, ಶೌಚಾಲಯ ಇರಬೇಕು, ಕಾಯುವವರು ಇರಬೇಕು. ಆಗ ಮಾತ್ರ ಅದನ್ನು ಕೊಡುತ್ತಾರೆ.

ನೀರಿನಿಂದ ಎತ್ತಿದವರನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮ ಹಳೇ ರೂಢಿ. ಅದು ಬೇಡ. ಹೊತ್ತು ಹಾಳು. ಉಸಿರು ಇಲ್ಲದಿದ್ದರೆ ಅಂಗಾತ ಮಲಗಿಸಿ. ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಉಸಿರು ಊದಿ. ಎದೆಯ ನಡುವೆ ಎರಡು ಕೈ ಇಟ್ಟು ಬೇಗ ಬೇಗ ಒತ್ತಿ. ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ. ಉಸಿರು ಮರಳಿ ಬಂದರೂ ಆಸ್ಪತ್ರೆಗೆ ಒಯ್ಯಲೇಬೇಕು.

ಮುಂದಿನ ಟೂರಿಗೆ ದುಡ್ಡು ಕೂಡಿಸುವಾಗ ಡ್ರೈವರ್ ಹತ್ತಿರ ಮೊದಲೇ ಮಾತಾಡಿ. ಕಡಲ ಹತ್ತಿರ ಅರ್ಧ ಗಂಟೆ ಸಾಲದು, ಎರಡು ಗಂಟೆ ಬೇಕು ಎನ್ನಿ. ಅವಸರ ಇಲ್ಲದಿದ್ದರೆ ದಂಡೆಯವರನ್ನು ಕೇಳಿ ಇಳಿಯಲು ಹೊತ್ತು ಸಿಗುತ್ತದೆ. ಅಡುಗೆ ಪಾತ್ರೆಯ ಜೊತೆ ಹತ್ತು ಮಾರು ಗಟ್ಟಿ ನಾರಿನ ಹಗ್ಗ, ಎರಡು ಖಾಲಿ ಕ್ಯಾನು ವ್ಯಾನಿಗೆ ಹಾಕಿಕೊಳ್ಳಿ.