ನಮ್ಮ ಸುರಂಗದ ನೀರು ಎಲ್ಲಿ ಹೋಯಿತು?

ಕಳೆದ ಏಪ್ರಿಲ್ ತಿಂಗಳಲ್ಲಿ ನಮ್ಮ ಮನೆಗೂ ಮೇಲಿನ ಮನೆಗೂ ಮಾತು ನಿಂತಿತ್ತು. ಕಾರಣ ನೀರು. ಜನವರಿಯಲ್ಲಿ ಅವರು ಬೋರ್‌ವೆಲ್ ತೆಗೆಸಿದರು. ಫೆಬ್ರವರಿಯಿಂದ ನಮ್ಮ ತೋಟಕ್ಕೆ ಬರುವ ಸುರಂಗದ ನೀರು ಅರ್ಧಕ್ಕೆ ಇಳಿಯಿತು. "ಅವರು ಬೋರು ತೆಗೆದದ್ದೇ ತೆಗೆದದ್ದು, ನಮ್ಮ ಒರತೆ ಬತ್ತಿತು" ಎಂದು ಅಪ್ಪ ಹೇಳಿದರು. ಅಜ್ಜನೂ ತಲೆಯಾಡಿಸಿದರು. ಕೆಳಗಿನ ಕಣಿಯ ಅಡಿಕೆ ಮರಗಳ ಸೋಗೆ ಹಳದಿಯಾಗಲಿಕ್ಕೆ ಶುರುವಾಗಿತ್ತು. ನಾವೂ ಒಂದು ಬೋರು ತೆಗೆಸುವುದು, ಅದಕ್ಕೆ ಸೊಸೈಟಿಯಲ್ಲಿ ಸಾಲ ಮಾಡುವುದು ಎಂದು ಮಾತು ನಡೆಯುತ್ತಿತ್ತು. ಆ ಸಮಯದಲ್ಲಿ ನಾನು ಒಂದು ಬಾಲ್ದಿ ಮತ್ತು ಒಂದು ವಾಚು ಹಿಡಿದುಕೊಂಡು ಮಾಡಿದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ವಿಜ್ಞಾನವೂ ಉಂಟು, ನನ್ನ ಮರ್ಯಾದೆ ಹೋದ ಕಥೆಯೂ ಉಂಟು.

ಮೊದಲು ಸುರಂಗದ ವಿಷಯ. ಉತ್ತರ ಕರ್ನಾಟಕದಿಂದ ಬಂದ ನಮ್ಮ ಮೇಷ್ಟ್ರಿಗೆ ಸುರಂಗ ಎಂದ ಕೂಡಲೇ ರೈಲು ನೆನಪಾಗುತ್ತದಂತೆ. ನಮ್ಮದು ಅದಲ್ಲ. ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆದು ಹೋಗುವಷ್ಟು ಕೊರೆದ ಮಾಟೆ. ಒಳಗೆ ಒಸರುವ ನೀರು ತಾನಾಗಿ ಹೊರಗೆ ಹರಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮ ಜಿಲ್ಲೆಯಲ್ಲೂ ಕಾಸರಗೋಡಿನಲ್ಲೂ ಇಂತಹವು ತುಂಬಾ ಇವೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡೆಯಲ್ಲಿ ಸುರಂಗ ಕೊರೆದು ತೋಟ ಎಬ್ಬಿಸಿದವರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ಸುರಂಗವನ್ನು ಮುತ್ತಜ್ಜ ತೋಡಿಸಿದ್ದು. ಅಜ್ಜನ ಕಾಲದಲ್ಲಿ ನೀರು ಅಡಿಕೆ ಮರದ ದಂಬೆಯಲ್ಲಿ ಬರುತ್ತಿತ್ತು. ಈಗ ಸುರಂಗದ ಬಾಯಿಯಲ್ಲಿ ಸಣ್ಣ ಸಿಮೆಂಟು ಟಾಂಕಿ, ಅಲ್ಲಿಂದ ಒಂದಿಂಚಿನ ಕರಿ ಪೈಪು. ಉದ್ದ 240 ಮೀಟರು.

ಎತ್ತರ ಅಳೆದದ್ದು ಹೇಗೆ ಎಂದು ಕೇಳಬಹುದು. ಮೇಸ್ತ್ರಿಗಳು ಪಂಚಾಂಗದ ಮಟ್ಟ ನೋಡುವ ಪಾರದರ್ಶಕ ಪೈಪು ಉಂಟಲ್ಲ, ಅದನ್ನು ತಂದು ತಂಗಿಯನ್ನು ಒಂದು ಕಡೆ ನಿಲ್ಲಿಸಿ ಮೆಟ್ಟಿಲು ಮೆಟ್ಟಿಲಾಗಿ ಅಳೆದೆ. ಟಾಂಕಿಯ ನೀರಿಗೂ ತೋಟದ ಪೈಪಿನ ಬಾಯಿಗೂ 12 ಮೀಟರು ವ್ಯತ್ಯಾಸ ಸಿಕ್ಕಿತು. ತಂಗಿಗೆ ಇರುವೆ ಕಚ್ಚಿದ್ದು ಬೇರೆ ಲೆಕ್ಕ.

ಮತ್ತೆ ಬಾಲ್ದಿ. 20 ಲೀಟರಿನ ಪೈಂಟು ಬಾಲ್ದಿ ತುಂಬಲು 1 ನಿಮಿಷ 25 ಸೆಕೆಂಡು ಬೇಕಾಯಿತು. ಅಂದರೆ ನಿಮಿಷಕ್ಕೆ 14 ಲೀಟರು.

ಇದು ಕಮ್ಮಿಯೋ ಜಾಸ್ತಿಯೋ? ಎಷ್ಟು ಬರಬೇಕು ಎಂದು ಗೊತ್ತಿಲ್ಲದೆ ಕಮ್ಮಿ ಎಂದು ಹೇಳುವುದು ಹೇಗೆ? ಹಾಗಾಗಿ ಲೆಕ್ಕಕ್ಕೆ ಕೂತೆ. 12 ಮೀಟರು ಎತ್ತರದಲ್ಲಿರುವ ನೀರಿಗೆ ಪ್ರಚ್ಛನ್ನ ಶಕ್ತಿ ಉಂಟು. ಕೆಳಗೆ ಬರುವಾಗ ಅದೆಲ್ಲ ಚಲನಶಕ್ತಿಯಾದರೆ ವೇಗದ ವರ್ಗ = 2 × 9.8 × 12. ವರ್ಗಮೂಲ ತೆಗೆದರೆ ಸೆಕೆಂಡಿಗೆ 15 ಮೀಟರಿಗಿಂತ ಮೇಲೆ! ಆ ವೇಗದಲ್ಲಿ ಒಂದಿಂಚಿನ ಪೈಪಿನಿಂದ ಸೆಕೆಂಡಿಗೆ ಏಳೂವರೆ ಲೀಟರು ನೀರು ಬೀಳಬೇಕು. ಬಾಲ್ದಿ ಮೂರು ಸೆಕೆಂಡಿನ ಒಳಗೆ ತುಂಬಬೇಕು. ಯಾರ ಮನೆಯಲ್ಲೂ ಹಾಗೆ ಆಗುವುದಿಲ್ಲ. ಪುಸ್ತಕದ ಲೆಕ್ಕ ಸುಳ್ಳಲ್ಲ, ಆದರೆ ಅದರಲ್ಲಿ ಪೈಪಿನ ಗೋಡೆಯ ವಿಷಯ ಇಲ್ಲ.

ಪೈಪಿನ ಗೋಡೆಗೆ ತಾಗಿದ ನೀರು ಚಲಿಸುವುದೇ ಇಲ್ಲ, ಅಂಟಿಕೊಂಡೇ ಇರುತ್ತದೆ. ನಡುವಿನ ನೀರು ಓಡುತ್ತದೆ. ಈ ಎರಡರ ಮಧ್ಯೆ ಎಳೆದಾಟ. ತುಂಬಾ ನಿಧಾನ ಹರಿದರೆ ನೀರು ಪದರ ಪದರವಾಗಿ ಸಾಗುತ್ತದೆ. ವೇಗ ಹೆಚ್ಚಿದರೆ ಸುಳಿಗಳೆದ್ದು ಕಲಸಿಹೋಗುತ್ತದೆ. ಇದನ್ನು 1883ರಲ್ಲಿ ಇಂಗ್ಲೆಂಡಿನ ಆಸ್ಬಾರ್ನ್ ರೆನಾಲ್ಡ್ಸ್ ಎಂಬವರು ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆ ಬಿಟ್ಟು ತೋರಿಸಿದರು. ವೇಗವನ್ನು ವ್ಯಾಸದಿಂದ ಗುಣಿಸಿ ನೀರಿನ ಸ್ನಿಗ್ಧತೆಯಿಂದ ಭಾಗಿಸಿದಾಗ ಬರುವ ಸಂಖ್ಯೆ ಸುಮಾರು 2000ಕ್ಕಿಂತ ಕೆಳಗಿದ್ದರೆ ಪದರದ ಹರಿವು. ಸರಿಯಾಗಿ ಹರಿಯುವ ಒಂದಿಂಚಿನ ಪೈಪಿನಲ್ಲಿ ಅದು 28 ಸಾವಿರದ ಹತ್ತಿರ ಬರುತ್ತದೆ. ಅಂದರೆ ಒಳಗೆಲ್ಲ ಸುಳಿಯೇ ಸುಳಿ. ಆ ಸುಳಿಗಳಲ್ಲಿ ನೀರಿನ ಶಕ್ತಿ ಸವೆದು ಬಿಸಿಯಾಗಿ ಹೋಗುತ್ತದೆ. ಶಕ್ತಿ ನಾಶವಾಗುವುದಿಲ್ಲ ಎಂದು ಓದಿದ್ದೇವಷ್ಟೆ? ಹಾಗಾದರೆ ನೀರು ಬಿಸಿಯಾಗಬೇಡವೇ ಎಂದು ಒಬ್ಬ ಕೇಳಿದ. ಆಗುತ್ತದೆ ಮಾರಾಯ, ಆದರೆ ನೀರು ಒಂದು ಡಿಗ್ರಿ ಬಿಸಿಯಾಗಬೇಕಾದರೆ 427 ಮೀಟರು ಎತ್ತರದ ಶಕ್ತಿ ಬೇಕು. ನಮ್ಮ 12 ಮೀಟರಿಗೆ ಡಿಗ್ರಿಯ ನೂರರಲ್ಲಿ ಮೂರು ಪಾಲು. ಕೈಯಿಟ್ಟರೆ ತಿಳಿಯುವುದಿಲ್ಲ.

ಈ ಸವೆತವನ್ನು ಲೆಕ್ಕ ಹಾಕುವ ಸೂತ್ರಕ್ಕೆ ಡಾರ್ಸಿ-ವೈಸ್‌ಬಾಖ್ ಸೂತ್ರ ಎಂದು ಹೆಸರು. ಜೂಲಿಯಸ್ ವೈಸ್‌ಬಾಖ್ ಜರ್ಮನಿಯವರು, 1845ರಲ್ಲಿ ಇದನ್ನು ಬರೆದರು. ಹೆನ್ರಿ ಡಾರ್ಸಿ ಫ್ರಾನ್ಸಿನವರು. ಈ ಡಾರ್ಸಿ ನಮಗೆ ಹತ್ತಿರದವರೇ ಎನ್ನಬೇಕು. 1840ರಲ್ಲಿ ತನ್ನ ಊರಾದ ದಿಜೋನ್‌ಗೆ ಸುಮಾರು 12 ಕಿಲೋಮೀಟರು ದೂರದ ಒಂದು ಒರತೆಯ ನೀರನ್ನು ಇಳಿಜಾರಿನಲ್ಲೇ, ಪಂಪಿಲ್ಲದೆ ತಂದವರು. ಆಮೇಲೆ ಹೊಸ ಪೈಪು, ತುಕ್ಕು ಹಿಡಿದ ಪೈಪು, ಸಣ್ಣದು, ದೊಡ್ಡದು ಎಲ್ಲದರಲ್ಲೂ ನೀರು ಬಿಟ್ಟು ಅಳೆದು 1857ರಲ್ಲಿ ಪ್ರಕಟಿಸಿದರು. ಸೂತ್ರ ಹೀಗಿದೆ:

ಸವೆದುಹೋಗುವ ಎತ್ತರ = ಘರ್ಷಣಾಂಕ × (ಉದ್ದ ÷ ವ್ಯಾಸ) × (ವೇಗದ ವರ್ಗ ÷ 19.6)

ನಯವಾದ ಪ್ಲಾಸ್ಟಿಕ್ ಪೈಪಿಗೆ, ನಮ್ಮಂತಹ ಹರಿವಿಗೆ, ಘರ್ಷಣಾಂಕ ಸುಮಾರು 0.025. ಒಂದಿಂಚಿನ ಪೈಪಿನ ವ್ಯಾಸವೂ 0.025 ಮೀಟರು. ನೋಡಿ, ಎರಡೂ ಹೊಡೆದುಹೋಯಿತು! ಒಂದಿಂಚಿನ ಪೈಪಿನವರಿಗೆ ಸೂತ್ರ ತುಂಬಾ ಸುಲಭ: ಸವೆಯುವ ಎತ್ತರ = ಉದ್ದ × ವೇಗದ ವರ್ಗ ÷ 19.6. ನಮ್ಮಲ್ಲಿ 12 ಮೀಟರು ಪೂರ್ತಿ ಸವೆಯುತ್ತದೆ ಎಂದಿಟ್ಟುಕೊಂಡರೆ (ಬಾಯಿಯಲ್ಲಿ ಉಳಿಯುವುದು ಲೆಕ್ಕಕ್ಕಿಲ್ಲದಷ್ಟು), ವೇಗದ ವರ್ಗ = 12 × 19.6 ÷ 240 = 0.98. ವೇಗ ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ಮೀಟರು. ನಿಮಿಷಕ್ಕೆ 29 ಲೀಟರು. ಬಾಲ್ದಿ ತುಂಬಲು 41 ಸೆಕೆಂಡು ಸಾಕು.

ನಮಗೆ ಬೇಕಾದದ್ದು 85. ಅರ್ಧ ನೀರು ಎಲ್ಲಿಯೋ ಕಟ್ಟಿಕೊಂಡಿದೆ. ಒರತೆ ಬತ್ತಿದೆಯೋ, ಪೈಪಿನಲ್ಲಿ ದೋಷವೋ?

ಮರುದಿನ ಬೆಳಿಗ್ಗೆ ಸುರಂಗದ ಬಾಯಿಗೆ ಹತ್ತಿದೆ. ಅಲ್ಲಿಗೆ ಯಾರೂ ಹೋಗದೆ ಎರಡು ತಿಂಗಳಾಗಿತ್ತು. ಟಾಂಕಿ ತುಂಬಿ ತುಳುಕುತ್ತಿತ್ತು! ಹೆಚ್ಚಾದ ನೀರು ಹಿಂದಿನ ಕಂಡಿಯಿಂದ ಬಲ್ಲೆಯ ಒಳಗೆ ಹರಿದು ತೋಡಿಗೆ ಇಳಿಯುತ್ತಿತ್ತು. ಮೇಲಿನಿಂದ ಬಲ್ಲೆ ಮುಚ್ಚಿದ್ದ ಕಾರಣ ಯಾರಿಗೂ ಕಂಡಿಲ್ಲ. ಅದಕ್ಕೂ ಬಾಲ್ದಿ ಹಿಡಿದೆ. 70 ಸೆಕೆಂಡಿಗೆ 20 ಲೀಟರು, ಅಂದರೆ ನಿಮಿಷಕ್ಕೆ 17 ಲೀಟರು. ಕೆಳಗೆ ಬರುವ 14 ಸೇರಿಸಿದರೆ ಒರತೆ ನಿಮಿಷಕ್ಕೆ 31 ಲೀಟರು ಕೊಡುತ್ತಿದೆ. ಮೇಲಿನ ಮನೆಯವರ ಬೋರು ನಮ್ಮ ಒಂದು ತೊಟ್ಟು ನೀರನ್ನೂ ತೆಗೆದಿರಲಿಲ್ಲ.

ಇನ್ನು ಪೈಪಿನ ಜೊತೆ ನಡೆದುಕೊಂಡು ಬಂದೆ. ನಡುದಾರಿಯಲ್ಲಿ ತರಗೆಲೆ ಸರಿಸಿದಾಗ ಹಸಿರು ಬಣ್ಣದ ಪೈಪು ಕಂಡಿತು. ನೋಡಿದ ಕೂಡಲೇ ನನಗೆ ಬೆವರಿತು. ಫೆಬ್ರವರಿಯಲ್ಲಿ ಗುಡ್ಡೆಯ ಹುಲ್ಲಿಗೆ ಬೆಂಕಿ ಬಿದ್ದು ಕರಿ ಪೈಪು 20 ಮೀಟರಿನಷ್ಟು ಕರಗಿತ್ತು. ಅಪ್ಪ ಊರಲ್ಲಿ ಇರಲಿಲ್ಲ. ನಾನೇ ಅಮ್ಮನ ಹೂಗಿಡದ ಅರ್ಧ ಇಂಚಿನ ಪೈಪನ್ನು ರೆಡ್ಯೂಸರ್ ಹಾಕಿ ಜೋಡಿಸಿ, "ನೀರು ಬಂತು" ಎಂದು ಹೇಳಿ, ಶಾಲೆಯ ಕ್ರೀಡೋತ್ಸವಕ್ಕೆ ಓಡಿದ್ದೆ. ಆಮೇಲೆ ಮರೆತೇಬಿಟ್ಟಿದ್ದೆ.

ಅಪ್ಪನಿಗೆ ಹೇಳಿದಾಗ ಅವರು ಬೈಯಲಿಲ್ಲ, ನಂಬಲೂ ಇಲ್ಲ. "ಅಷ್ಟುದ್ದದ ಪೈಪಿನಲ್ಲಿ ಇಪ್ಪತ್ತು ಮೀಟರು ತುಂಡು ಎಂತ ಮಾಡುತ್ತದೆ? ಅರ್ಧ ಇಂಚು ಅಂದರೆ ಅಲ್ಲಿ ಸ್ವಲ್ಪ ಜೋರಾಗಿ ಹೋಗ್ತದೆ, ಅಷ್ಟೇ" ಎಂದರು. ಈ ಮಾತು ಅರ್ಧ ಸರಿ. ಜೋರಾಗಿ ಹೋಗುತ್ತದೆ, ಹೌದು. ಆ ಜೋರಿಗೇ ಬೆಲೆ ತೆರಬೇಕು. ನಿಧಾನವಾಗಿ ನೋಡಿ. ವ್ಯಾಸ ಅರ್ಧವಾದರೆ ಪೈಪಿನ ಬಾಯಿ ಅರ್ಧವಲ್ಲ, ಕಾಲು ಭಾಗ ಆಗುತ್ತದೆ. ಅಷ್ಟೇ ನೀರು ಹೋಗಬೇಕಾದರೆ ವೇಗ 4 ಪಟ್ಟು. ಸೂತ್ರದಲ್ಲಿ ವೇಗದ ವರ್ಗ ಇರುವುದರಿಂದ 16 ಪಟ್ಟು. ಅದೇ ಸೂತ್ರದಲ್ಲಿ ಉದ್ದವನ್ನು ವ್ಯಾಸದಿಂದ ಭಾಗಿಸುವುದೂ ಉಂಟು, ಅಲ್ಲಿ ಇನ್ನೊಂದು 2 ಪಟ್ಟು. ಒಟ್ಟು 32 ಪಟ್ಟು! ಅಂದರೆ ಅರ್ಧ ಇಂಚಿನ 20 ಮೀಟರು ತುಂಡು ಒಂದಿಂಚಿನ 640 ಮೀಟರು ಪೈಪಿಗೆ ಸಮ. ಉಳಿದ ಒಂದಿಂಚಿನ ಪೈಪು 220 ಮೀಟರು. ಹಾಗಾಗಿ ನಮ್ಮ ನೀರಿಗೆ ಪೈಪು 240 ಮೀಟರಲ್ಲ, 860 ಮೀಟರು. ಇರುವ 12 ಮೀಟರು ಎತ್ತರದಲ್ಲಿ ಸುಮಾರು 9 ಮೀಟರನ್ನು ಆ ಸಣ್ಣ ತುಂಡೊಂದೇ ನುಂಗುತ್ತಿತ್ತು. ಉಳಿದ ಇಡೀ ಪೈಪಿಗೆ 3 ಮೀಟರು ಮಾತ್ರ. ಸೂತ್ರದಲ್ಲಿ 240ರ ಬದಲು 860 ಹಾಕಿದರೆ ನಿಮಿಷಕ್ಕೆ 15 ಲೀಟರು ಸಿಗುತ್ತದೆ. ನಾನು ಅಳೆದದ್ದು 14. ಉಳಿದ ಒಂದು ಲೀಟರು ರೆಡ್ಯೂಸರಿನ ಇಕ್ಕಟ್ಟಿನ ಪಾಲು ಎಂದು ನನ್ನ ಅಂದಾಜು.

ಅಪ್ಪ ಕಾಗದ ನೋಡಿ ಏನೂ ಹೇಳಲಿಲ್ಲ. ಮರುದಿನ ಪುತ್ತೂರು ಪೇಟೆಗೆ ಹೋಗಿ 20 ಮೀಟರು ಒಂದಿಂಚಿನ ಪೈಪು ತಂದರು. ಜೋಡಿಸಿದ ಮೇಲೆ ಬಾಲ್ದಿಗೆ 43 ಸೆಕೆಂಡು. ನಿಮಿಷಕ್ಕೆ 28 ಲೀಟರು. ಬೇಸಿಗೆಯಲ್ಲಿ ಒಂದು ಅಡಿಕೆ ಮರಕ್ಕೆ ಒಂದು ಸಲಕ್ಕೆ 175 ಲೀಟರು, ನಾಲ್ಕು ದಿನಕ್ಕೊಮ್ಮೆ ಎಂದು ಲೆಕ್ಕ ಹಿಡಿದರೆ, 14 ಲೀಟರಿನಲ್ಲಿ 460 ಮರ ಉಳಿಯುತ್ತದೆ, 28ರಲ್ಲಿ 920 ಮರ. ನಮ್ಮ ತೋಟದಲ್ಲಿ ಇರುವುದು 700. ಕೆಳಗಿನ ಕಣಿಯ ಮರಗಳಲ್ಲಿ ಆರು ಮಾತ್ರ ಹೋದವು. ಅಂದು ಸಂಜೆ ಅಪ್ಪ ಒಂದು ಗೊನೆ ಕದಳಿ ಬಾಳೆಹಣ್ಣು ಹಿಡಿದುಕೊಂಡು ಮೇಲಿನ ಮನೆಗೆ ಹೋದರು. ಅಲ್ಲಿ ಎಂತ ಮಾತಾಯಿತು ಎಂದು ನನಗೆ ಗೊತ್ತಿಲ್ಲ. ಬರುವಾಗ ರಾತ್ರಿ ಊಟ ಮುಗಿಸಿಯೇ ಬಂದಿದ್ದರು.

ಪಂಪು ಇರುವ ಮನೆಯವರು "ಇದು ನಮಗಲ್ಲ" ಎಂದು ಬಿಡಬೇಡಿ. ತೋಡಿನಿಂದ ಸ್ಪ್ರಿಂಕ್ಲರಿಗೆ ಸೆಕೆಂಡಿಗೆ 5 ಲೀಟರು ನೀರು 200 ಮೀಟರು ದೂರ ಹೋಗಬೇಕು ಎನ್ನಿ. ಎರಡಿಂಚಿನ ಪೈಪಿನಲ್ಲಿ ಸುಮಾರು 21 ಮೀಟರು ಎತ್ತರ ಸವೆಯುತ್ತದೆ, ಎರಡೂವರೆ ಇಂಚಿನಲ್ಲಿ 7 ಮೀಟರು. ನಡುವಿನ 14 ಮೀಟರಿಗೆ ಪಂಪಿನ ಹೆಚ್ಚುಕಮ್ಮಿ ಒಂದು ಹೆಚ್.ಪಿ. ಬರೀ ಪೈಪು ಉಜ್ಜುವುದಕ್ಕೆ ಹೋಗುತ್ತದೆ. ಸ್ಪ್ರಿಂಕ್ಲರು ತಿರುಗುವುದಿಲ್ಲ ಎಂದು ದೊಡ್ಡ ಪಂಪು ತರುವವರು ಮೊದಲು ಪೈಪು ನೋಡುವುದು ಒಳ್ಳೆಯದು. ಎಲ್ಬೋ ಜಾಸ್ತಿಯಾಯಿತು ಎಂದು ಕೆಲವರು ದೂರುತ್ತಾರೆ. ಒಂದಿಂಚಿನ ಪೈಪಿನಲ್ಲಿ ಒಂದು ಎಲ್ಬೋ ನುಂಗುವುದು ಸುಮಾರು ಒಂದು ಮೀಟರು ಪೈಪು ನುಂಗುವಷ್ಟೇ. 240 ಮೀಟರಿನಲ್ಲಿ ನಾಲ್ಕು ಎಲ್ಬೋ ಲೆಕ್ಕಕ್ಕೇ ಇಲ್ಲ. ಗಾಳಿ ಕಟ್ಟುವುದು ಮಾತ್ರ ನಿಜವಾದ ತೊಂದರೆ. ಪೈಪು ದರೆ ಹತ್ತಿ ಇಳಿಯುವ ಕಡೆ ಉಬ್ಬಿನಲ್ಲಿ ಗಾಳಿ ಕೂತು ನೀರಿನ ದಾರಿ ಕಿರಿದು ಮಾಡುತ್ತದೆ. ಅಲ್ಲೊಂದು ಟೀ ಹಾಕಿ ಸಣ್ಣ ನಳ್ಳಿ ಇಟ್ಟು ವಾರಕ್ಕೊಮ್ಮೆ ಗಾಳಿ ಬಿಟ್ಟರೆ ಸರಿಯಾಗುತ್ತದೆ.

ಈಗ ನಿಮಗೆ ಎರಡು ಲೆಕ್ಕ. ಒಂದು: ಒಬ್ಬರ ಮನೆಯ ಒರತೆ 15 ಮೀಟರು ಎತ್ತರದಲ್ಲಿ ಉಂಟು, ಒಂದಿಂಚಿನ ಪೈಪು 300 ಮೀಟರು. ಅವರಿಗೆ ಬರುವ ನೀರು ನಮ್ಮದಕ್ಕಿಂತ ಜಾಸ್ತಿಯೋ ಕಮ್ಮಿಯೋ? ಎರಡು: ಒಂದಿಂಚಿನ ಎರಡು ಪೈಪು ಜೋಡಿಯಾಗಿ ಹಾಕಿದರೆ ಎರಡಿಂಚಿನ ಒಂದು ಪೈಪಿನಷ್ಟು ನೀರು ಬರುತ್ತದೆಯೇ? ಉತ್ತರವನ್ನು ಚೀಟಿಯಲ್ಲಿ ಬರೆದು ವಿಜ್ಞಾನ ಮೇಷ್ಟ್ರ ಮೇಜಿನ ಮೇಲಿನ ಡಬ್ಬಕ್ಕೆ ಹಾಕಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.