ಹಳೆಯ ಮೋಟಾರಿನ ಜೀರ್ಣೋದ್ಧಾರ

ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಇ-ಮೈದಾನ್ ತೋಪನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡ ಆ ತೋಪು ಮುಂದೆ ಆದಿಲ್‌ಶಾಹಿಗಳ ಕೈಸೇರಿತು. 1686ರಲ್ಲಿ ನಗರವನ್ನು ಗೆದ್ದ ಔರಂಗಜೇಬನು ಹಿಂದಿನ ಲೇಖಗಳ ಜೊತೆಗೆ ತನ್ನ ಜಯದ ಲೇಖವನ್ನೂ ಅದರ ಮೇಲೆ ಕೆತ್ತಿಸಿದನು. 1854ರಲ್ಲಿ ಅದನ್ನು ಹರಾಜಿಗಿಟ್ಟಾಗ ಬಂದ ಬೇಡಿಕೆ 150 ರೂಪಾಯಿ ಮಾತ್ರ. ಮಾರಾಟ ರದ್ದಾದುದರಿಂದ ತೋಪು ಉಳಿಯಿತು. ಇಂದು ಅದರ ಮೇಲಿನ ಲೇಖಗಳಲ್ಲಿ ಯಾವುದನ್ನಾದರೂ ಕೆರೆದು ಹಾಕಿ, ತೋಪನ್ನು ಹೊಸದರಂತೆ ಹೊಳೆಯಿಸೋಣವೆಂದು ಯಾರೂ ಹೇಳಲಾರರು.

ಯಂತ್ರಗಳೂ ಹೀಗೆಯೇ ಕೈಯಿಂದ ಕೈಗೆ ಹೋಗುತ್ತವೆ; ಪ್ರತಿಯೊಬ್ಬ ಒಡೆಯನೂ ಅವುಗಳ ಮೇಲೆ ತನ್ನ ಗುರುತನ್ನು ಬಿಡುತ್ತಾನೆ. ಹಾಗಾದರೆ ಹಳೆಯ ಯಂತ್ರವೊಂದನ್ನು ದುರಸ್ತಿ ಮಾಡುವವನು ಯಾವ ಗುರುತನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು? ಈ ಪ್ರಶ್ನೆಯನ್ನು ಇಂಗ್ಲೆಂಡಿನ ಪ್ರಸಿದ್ಧವಾದ ಒಂದು ಬೆಂಟ್ಲಿ ಕಾರಿನ ಮೂಲಕ ಪರಿಶೀಲಿಸೋಣ.

ತಿದಿಯೂ ಎಂಜಿನೂ

ಈ ಕಾರಿನ ಎಂಜಿನಿಗೆ ‘ಸೂಪರ್‌ಚಾರ್ಜರ್’ ಎಂಬ ಸಾಧನವನ್ನು ಜೋಡಿಸಿದ್ದರು. ನಾವು ಅದನ್ನು ವಾಯುಪೂರಕವೆಂದು ಕರೆಯಬಹುದು. ಬಬಲೇಶ್ವರದಂತಹ ಊರಿನ ಕಮ್ಮಾರಸಾಲೆಯಲ್ಲಿ ತಿದಿಯನ್ನು ಒತ್ತಿದೊಡನೆ ಇದ್ದಿಲು ನಿಗಿನಿಗಿಸುವುದನ್ನು ಕಂಡವರಿಗೆ ಅದರ ತತ್ತ್ವ ಹೊಸದಲ್ಲ. ಇದ್ದಿಲು ಮೊದಲೇ ಅಲ್ಲಿತ್ತು, ಕೊರತೆಯಾಗಿದ್ದುದು ಗಾಳಿ.

ಎಂಜಿನಿನ ಸ್ಥಿತಿಯೂ ಅದೇ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 15 ಕಿಲೋಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಹೆಚ್ಚು ಸುರಿಯುವುದು ಸುಲಭ, ಗಾಳಿಯನ್ನು ತುಂಬುವುದು ಕಷ್ಟ. ನಮ್ಮ ಬೆಂಟ್ಲಿಯ ಎಂಜಿನಿನಲ್ಲಿ ನಾಲ್ಕು ಸಿಲಿಂಡರುಗಳು. ಅವುಗಳ ಒಟ್ಟು ಗಾತ್ರ 4,398 ಘನ ಸೆಂಟಿಮೀಟರು, ಅಂದರೆ ಸುಮಾರು 4.4 ಲೀಟರು. ಎರಡು ಸುತ್ತಿಗೊಮ್ಮೆ ಅದು ಅಷ್ಟು ಗಾಳಿಯನ್ನು ಎಳೆದುಕೊಳ್ಳಬೇಕು. ಅದು ಪೂರ್ತಿ ತುಂಬುವುದೆಂದು ಭಾವಿಸಿದರೆ, ನಿಮಿಷಕ್ಕೆ 4,000 ಸುತ್ತಿನ ವೇಗದಲ್ಲಿ 8,800 ಲೀಟರು ಗಾಳಿ ಒಳಹೋಗುವುದು. ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಆ ಗಾಳಿಯ ತೂಕ ಸುಮಾರು 10.8 ಕಿಲೋಗ್ರಾಂ.

ಅದೇ ಎಂಜಿನನ್ನು ಬೇಸಗೆಯ ಮಧ್ಯಾಹ್ನ ವಿಜಯಪುರದಿಂದ ತಿಕೋಟಾದ ಕಡೆಗೆ ಓಡಿಸಿದೆವೆನ್ನಿ. ನಮ್ಮ ನೆಲ ಸಮುದ್ರ ಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿದೆ; ಅಲ್ಲಿ ವಾಯುಭಾರ ಶೇಕಡಾ 7ರಷ್ಟು ಕಡಿಮೆ. ಮೇಲಾಗಿ 40 ಡಿಗ್ರಿಯ ಸೆಕೆಯಲ್ಲಿ ಗಾಳಿ ಹಿಗ್ಗಿ ತೆಳುವಾಗಿರುತ್ತದೆ. ಲೆಕ್ಕ ಹಾಕಿದರೆ 8,800 ಲೀಟರಿನ ತೂಕ ಸುಮಾರು 9.2 ಕಿಲೋಗ್ರಾಮಿಗೆ ಇಳಿಯುತ್ತದೆ. ತಿಕೋಟಾದ ರೈತರ ದ್ರಾಕ್ಷಿಯನ್ನು ಒಣದ್ರಾಕ್ಷಿಯಾಗಿಸುವ ಒಣ ಬಿಸಿಗಾಳಿ ಎಂಜಿನಿನ ಪಾಲಿಗೆ ಅರೆಹೊಟ್ಟೆಯ ಊಟ!

ಈ ಕೊರತೆಯನ್ನು ತುಂಬಿ, ಅದಕ್ಕೂ ಮಿಗಿಲಾಗಿ ಗಾಳಿಯನ್ನು ಬಲವಂತವಾಗಿ ನೂಕುವುದೇ ವಾಯುಪೂರಕದ ಕೆಲಸ. ಬೆಂಟ್ಲಿಯಲ್ಲಿದ್ದುದು ರೂಟ್ಸ್ ಮಾದರಿಯದು. ಅಮೆರಿಕದ ರೂಟ್ಸ್ ಸೋದರರು 1860ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದರು. ಲೋಹ ಕರಗಿಸುವ ಕುಲುಮೆಗಳಿಗೆ ಗಾಳಿಯೂದಲು ಅದು ಬಳಕೆಗೆ ಬಂದಿತು. ಎಂದರೆ ಅದೂ ಒಂದು ಬಗೆಯ ತಿದಿಯೇ. ಪೆಟ್ಟಿಗೆಯೊಂದರೊಳಗೆ 8ರ ಅಂಕಿಯಾಕಾರದ ಎರಡು ತಿರುಗಣೆಗಳು ಎದುರುಬದರಾಗಿ ಸುತ್ತುತ್ತವೆ. ಅವು ಒಂದು ಬದಿಯ ಗಾಳಿಯನ್ನು ಗೋಡೆಯಂಚಿನಲ್ಲಿ ಹೊತ್ತು ಇನ್ನೊಂದು ಬದಿಗೆ ಸಾಗಿಸುತ್ತವೆ. ಎಂಜಿನು ನುಂಗುವುದಕ್ಕಿಂತ ಹೆಚ್ಚು ಗಾಳಿ ಬಂದುದರಿಂದ ಕೊಳವೆಯಲ್ಲಿ ಒತ್ತಡ ಏರುತ್ತದೆ.

ಈ ಲಾಭ ಪುಕ್ಕಟೆಯಲ್ಲ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬೆಚ್ಚಗಾಗುವುದನ್ನು ಎಲ್ಲರೂ ಬಲ್ಲರು. 27 ಡಿಗ್ರಿಯ ಗಾಳಿಯ ಒತ್ತಡವನ್ನು 1.6 ಪಟ್ಟು ಏರಿಸಿದರೆ, ಎಷ್ಟೇ ಉತ್ತಮ ಯಂತ್ರವಾದರೂ, ಉಷ್ಣತೆ ಸುಮಾರು 70 ಡಿಗ್ರಿಗೆ ಮುಟ್ಟುತ್ತದೆ. ಆದುದರಿಂದ ಸಾಂದ್ರತೆ 1.6 ಪಟ್ಟಾಗದೆ ಸುಮಾರು 1.4 ಪಟ್ಟಷ್ಟೇ ಆಗುವುದು. ವಾಯುಪೂರಕವನ್ನು ತಿರುಗಿಸಲು ತಗಲುವ ಶಕ್ತಿಯನ್ನೂ ಎಂಜಿನೇ ಕೊಡಬೇಕು.

ಕಾರಿನ ಒಡೆಯರು

ಬೆಂಟ್ಲಿ ಸಂಸ್ಥೆಯನ್ನು ಸ್ಥಾಪಿಸಿದ ಡಬ್ಲ್ಯೂ. ಓ. ಬೆಂಟ್ಲಿಗೆ ಈ ಉಪಾಯ ಹಿಡಿಸಲಿಲ್ಲ. ಹೆಚ್ಚು ಶಕ್ತಿ ಬೇಕಾದರೆ ಎಂಜಿನಿನ ಗಾತ್ರವನ್ನು ಹೆಚ್ಚಿಸಬೇಕೆಂಬುದು ಆತನ ಮತ. ಆದರೆ ಪಂದ್ಯಗಾರನಾದ ಸರ್ ಹೆನ್ರಿ ಬರ್ಕಿನ್ ಹಟ ಹಿಡಿದನು. ಆಂಹರ್ಸ್ಟ್ ವಿಲಿಯರ್ಸ್ ರಚಿಸಿದ ವಾಯುಪೂರಕವನ್ನು ಕಾರಿನ ಮೂತಿಯಲ್ಲಿ ಜೋಡಿಸಲಾಯಿತು. ಹಣ ಒದಗಿಸಿದವಳು ಡೊರೊತಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆ. ಸಾಮಾನ್ಯ ಎಂಜಿನಿನ 110 ಅಶ್ವಶಕ್ತಿಯ ಸ್ಥಾನದಲ್ಲಿ ಈಗ 175 ಬಂದಿತು. ಪಂದ್ಯದ ಕಾರುಗಳಲ್ಲಿ 240ರವರೆಗೆ ಏರಿತು. ಪಂದ್ಯದ ಕಾರುಗಳೂ ಸೇರಿ ತಯಾರಾದುವು 55 ಮಾತ್ರ.

1930ರ ಲೆ ಮಾನ್ಸ್ ಪಂದ್ಯದಲ್ಲಿ ಈ ಕಾರುಗಳು ನಡುವೆಯೇ ಕೆಟ್ಟು ನಿಂತವು. ಗೆದ್ದದ್ದು ವಾಯುಪೂರಕವಿಲ್ಲದ, ಆರೂವರೆ ಲೀಟರಿನ ದೊಡ್ಡ ಬೆಂಟ್ಲಿ. ಡಬ್ಲ್ಯೂ. ಓ. ಬೆಂಟ್ಲಿಯ ಮಾತು ಅಲ್ಲಿ ನಿಜವಾಯಿತು. ಆದರೆ ವೇಗದ ವಿಷಯದಲ್ಲಿ ಬರ್ಕಿನ್ನನ ಮಾತೂ ಸುಳ್ಳಾಗಲಿಲ್ಲ. ಆತನ ‘ನಂಬರ್ 1’ ಕಾರು 1929ರಲ್ಲಿ ಮೊದಲು ಸಾಮಾನ್ಯ ಪಂದ್ಯದ ಕಾರಾಗಿ ಓಡಿತು. ಆಮೇಲೆ ಬ್ರೂಕ್‌ಲ್ಯಾಂಡ್ಸಿನ ಕಾಂಕ್ರೀಟು ಪಥಕ್ಕಾಗಿ ಒಂದೇ ಆಸನದ ಮೈಯನ್ನು ತೊಟ್ಟಿತು. 1932ರ ಮಾರ್ಚ್ 24ರಂದು ಅದು ಗಂಟೆಗೆ 137.96 ಮೈಲಿ, ಎಂದರೆ 222 ಕಿಲೋಮೀಟರು ವೇಗದಲ್ಲಿ ಆ ಪಥವನ್ನು ಸುತ್ತಿ ದಾಖಲೆ ಸ್ಥಾಪಿಸಿತು. ಮರುವರ್ಷ ಬರ್ಕಿನ್ ತೀರಿಕೊಂಡನು.

ಮುಂದೆ ಕಾರು ಬೇರೊಬ್ಬ ಉತ್ಸಾಹಿಯ ಕೈಸೇರಿತು. ಅವನಿಗೆ ಬೇಕಾದುದು ರಸ್ತೆಯಲ್ಲಿ ಓಡುವ ಕಾರು. ಆದುದರಿಂದ ಎರಡಾಸನದ ಮೈಯನ್ನು ಕಟ್ಟಿಸಿದನು. ತರುವಾಯದ ಒಡೆಯರು ಅದನ್ನು ತೆಗೆದು ಒಂದೇ ಆಸನದ ರೂಪಕ್ಕೆ ಮರಳಿಸಿದರು. ಕೊನೆಗೆ ಅದು ಪ್ರಸಿದ್ಧ ಗಡಿಯಾರ ನಿರ್ಮಾಪಕನಾದ ಜಾರ್ಜ್ ಡೇನಿಯಲ್ಸ್‌ನ ಬಳಿಗೆ ಬಂದಿತು. ಆತನು 2011ರಲ್ಲಿ ಗತಿಸಿದ ಮೇಲೆ, 2012ರಲ್ಲಿ ಹರಾಜಾದಾಗ 50 ಲಕ್ಷ ಪೌಂಡಿಗೂ ಮಿಕ್ಕಿದ ಬೆಲೆ ಬಂದಿತು.

ದುರಸ್ತಿಯ ಕ್ರಮ

ಇಂತಹ ಯಂತ್ರವನ್ನು ಬಿಚ್ಚುವಾಗ ಮೊದಲ ಆಯುಧ ಸುತ್ತಿಗೆಯಲ್ಲ, ಅಳತೆಗೋಲು. ವಾಯುಪೂರಕದ ತಿರುಗಣೆಗಳು ಒಂದನ್ನೊಂದು ಮುಟ್ಟಬಾರದು, ಮುಟ್ಟಿದರೆ ನಾಶ. ಅಂತರ ಹೆಚ್ಚಾದರೆ ಗಾಳಿ ಹಿಂದಕ್ಕೆ ಸೋರುತ್ತದೆ. 200 ಮಿಲಿಮೀಟರು ಉದ್ದದ ಅಲ್ಯುಮಿನಿಯಮ್ ತುಂಡು 80 ಡಿಗ್ರಿ ಕಾದರೆ ಸುಮಾರು 0.37 ಮಿಲಿಮೀಟರು ಹಿಗ್ಗುತ್ತದೆ. ಅದೇ ಉದ್ದದ ಉಕ್ಕು ಅದರ ಅರ್ಧದಷ್ಟು ಮಾತ್ರ. ತಣ್ಣಗಿರುವಾಗ ಸರಿಕಂಡ ಅಂತರ ಬಿಸಿಯಲ್ಲಿ ಮಾಯವಾಗಬಹುದು. ಆದುದರಿಂದ ಲೋಹ ಯಾವುದೆಂದು ತಿಳಿಯದೆ ಬದಲಿ ಭಾಗವನ್ನು ಮಾಡಲಾಗದು.

ಎರಡನೆಯದು ಬಿರುಕುಗಳ ಶೋಧನೆ. ಲೋಹಕ್ಕೂ ದಣಿವುಂಟು, ಲಕ್ಷಾಂತರ ಸಲ ಬಾಗಿದ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಸೀಳು ಹುಟ್ಟುತ್ತದೆ. ಉಕ್ಕನ್ನು ಅಯಸ್ಕಾಂತವಾಗಿಸಿ ಕಬ್ಬಿಣದ ನುಣುಪು ಪುಡಿಯನ್ನು ಎರಚಿದರೆ, ಪುಡಿ ಸೀಳಿನ ಬಳಿ ಗೆರೆಯಾಗಿ ನಿಲ್ಲುತ್ತದೆ. ಅಲ್ಯುಮಿನಿಯಮಿಗೆ ಈ ಉಪಾಯ ಸಲ್ಲದು. ಅಲ್ಲಿ ಬಣ್ಣದ ದ್ರವವನ್ನು ಹಚ್ಚಿ, ಒರೆಸಿ, ಸೀಳಿನಿಂದ ಅದು ಮರಳಿ ಜಿನುಗುವುದನ್ನು ನೋಡಬೇಕು.

ಮೂಲವೆಂದರೆ ಯಾವುದು?

ಸೀಳಿದ ಭಾಗವನ್ನು ಬದಲಿಸಲೇಬೇಕು. ಆದರೆ ಎಷ್ಟು ಬದಲಿಸಿದರೆ ಕಾರು ಅದೇ ಕಾರಾಗಿ ಉಳಿಯುವುದು? ಅಜ್ಜನ ಚಕ್ಕಡಿಗೆ ತಂದೆ ಹೊಸ ಗಾಲಿ ಹಾಕಿಸಿದನು, ಮಗ ಹೊಸ ಅಚ್ಚು ಹಾಕಿಸಿದನು. ಆದರೂ ಮನೆಯವರು ಅದನ್ನು ಅಜ್ಜನ ಚಕ್ಕಡಿಯೆಂದೇ ಕರೆಯುತ್ತಾರೆ. ಅಲ್ಲಿ ಉಳಿದುದು ಮರವಲ್ಲ, ಮುರಿಯದ ಬಳಕೆಯ ಸರಪಳಿ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 2019ರಲ್ಲಿ ಬೆಂಟ್ಲಿ ಸಂಸ್ಥೆಯು ತನ್ನಲ್ಲಿದ್ದ 1929ರ ಇನ್ನೊಂದು ಪಂದ್ಯದ ಕಾರನ್ನು ಬಿಚ್ಚಿ, ಭಾಗಗಳನ್ನು ಲೇಸರ್ ಕಿರಣದಿಂದ ಅಳೆದು, ಅದೇ ಮಾದರಿಯ 12 ಹೊಸ ಕಾರುಗಳನ್ನು ಮಾಡುವುದಾಗಿ ಪ್ರಕಟಿಸಿತು. ಹೊಸವು ಅಳತೆಯಲ್ಲಿ ಹಳೆಯದನ್ನು ಹೋಲುತ್ತವೆ. ಆದರೆ ಬ್ರೂಕ್‌ಲ್ಯಾಂಡ್ಸಿನ ದಾಖಲೆಯನ್ನು ಅವು ಹೊತ್ತಿಲ್ಲ. ಆಕಾರವನ್ನು ಅಳೆದು ಮರಳಿ ಪಡೆಯಬಹುದು, ಚರಿತ್ರೆಯನ್ನು ಪಡೆಯಲಾಗದು.

ಬರ್ಕಿನ್ನನ ಕಾರನ್ನು ಒಂದೇ ಆಸನಕ್ಕೆ ಮರಳಿಸಿದುದರಿಂದ ದಾಖಲೆಯ ದಿನದ ರೂಪವು ನಮಗೆ ಕಾಣಸಿಕ್ಕಿತು. ಅದರ ಜೊತೆಗೆ ರಸ್ತೆಯಲ್ಲಿ ಓಡಿದ ವರ್ಷಗಳ ರೂಪ ಮರೆಯಾಯಿತು. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆ ಒಂದೇ ಆಸನವೂ ಅದರ ಮೊದಲ ರೂಪವಾಗಿರಲಿಲ್ಲ. ಆದರೆ ಒಂದು ಚರಿತ್ರೆಯನ್ನು ಆರಿಸಿದಾಗ ಇನ್ನೊಂದನ್ನು ಬಿಡುತ್ತಿದ್ದೇವೆಂಬ ಅರಿವು ದುರಸ್ತಿಗಾರನಿಗೆ ಇರಬೇಕು. ಬಿಟ್ಟುದನ್ನು ಆತನು ಬರೆದಿಡಬೇಕು.

ಇದು ಕೋಟ್ಯಧೀಶರ ಕಾರುಗಳಿಗೆ ಮಾತ್ರ ಸಲ್ಲುವ ಮಾತಲ್ಲ. ನಮ್ಮ ಭಾಗದ ತೋಟದ ಮನೆಯ ಮೂಲೆಯಲ್ಲಿ, ಬಾವಿಯಿಂದ ನೀರೆತ್ತುತ್ತಿದ್ದ ಹಳೆಯ ಆಯಿಲ್ ಎಂಜಿನು ಬಿದ್ದಿದ್ದರೆ, ಗುಜರಿಗೆ ಹಾಕುವ ಅಥವಾ ಹೊಸ ಬಣ್ಣ ಬಳಿಯುವ ಮುನ್ನ ವಾಚಕರು ಅದರ ಸಂಖ್ಯಾಫಲಕದ ಚಿತ್ರ ತೆಗೆದುಕೊಳ್ಳಲಿ. ಯಾರಿಂದ ಯಾರಿಗೆ ಬಂದಿತು, ಯಾವ ಭಾಗವನ್ನು ಯಾವಾಗ ಬದಲಿಸಿದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಲಿ. ಕಳಚಿದ ಭಾಗಗಳಿಗೆ ಚೀಟಿ ಕಟ್ಟಿ ಇಡಲಿ. ಒಂದು ಸಂಜೆಯ ಕೆಲಸವಿದು. ಕೇಳಬೇಕಾದ ಹಿರಿಯರು ಇರುವಾಗಲೇ ಮಾಡತಕ್ಕದ್ದು.