ಬೆಸುಗೆಯ ಸಾಧನದ ದೋಷಗಳೂ ಪರಿಹಾರಗಳೂ

ಎರಡು ಲೋಹದ ತುಣುಕುಗಳನ್ನು ಕರಗಿಸದೆಯೇ, ಅವುಗಳಿಗಿಂತ ಬೇಗ ಕರಗುವ ಮತ್ತೊಂದು ಲೋಹದ ನೆರವಿನಿಂದ ಕೂಡಿಸುವುದು ಬೆಸುಗೆಯ ಒಂದು ಮುಖ್ಯ ವಿಧಾನ. ರೇಡಿಯೋ, ದೂರದರ್ಶನ, ಗಣಕಯಂತ್ರ ಮೊದಲಾದವುಗಳ ಒಡಲಿನಲ್ಲಿ ಇಂತಹ ನೂರಾರು ಬೆಸುಗೆಗಳು ಅಡಗಿವೆ. ಅವುಗಳಲ್ಲಿ ಒಂದು ಸಡಿಲವಾದರೂ ಇಡೀ ಯಂತ್ರ ಮೂಕವಾಗಬಹುದು. ಈ ಸೂಕ್ಷ್ಮ ಕೆಲಸಕ್ಕೆ ಒದಗುವ ಚಿಕ್ಕ ಉಪಕರಣವೇ ವಿದ್ಯುತ್ತಿನಿಂದ ಕಾಯುವ ಸೋಲ್ಡರಿಂಗ್ ಐರನ್. ಅನ್ಯ ಯಂತ್ರಗಳ ದೋಷವನ್ನು ಸರಿಪಡಿಸುವ ಈ ಸಾಧನವೇ ಕೆಲವೊಮ್ಮೆ ಕೆಟ್ಟು ಕೂರುವುದುಂಟು. ಆಗ ಅದನ್ನು ಎಸೆದು ಹೊಸದನ್ನು ಕೊಳ್ಳುವುದಕ್ಕೆ ಮುನ್ನ, ದೋಷ ಎಲ್ಲಿದೆ ಎಂಬುದನ್ನು ಕ್ರಮವಾಗಿ ಹುಡುಕುವುದು ವಿವೇಕ.

ದೋಷವನ್ನು ಅರಿಯಬೇಕಾದರೆ ಮೊದಲು ರಚನೆಯನ್ನು ಅರಿಯಬೇಕು. ಈ ಉಪಕರಣದಲ್ಲಿ ಮರದ ಅಥವಾ ಪ್ಲಾಸ್ಟಿಕ್ಕಿನ ಹಿಡಿ, ಅದರ ಮುಂದೆ ಲೋಹದ ಕೊಳವೆ, ಕೊಳವೆಯೊಳಗೆ ತಾಪನ ಸುರುಳಿ, ತುತ್ತತುದಿಯಲ್ಲಿ ತಾಮ್ರದ ಕಡ್ಡಿ, ಹಿಂಬದಿಯಲ್ಲಿ ವಿದ್ಯುತ್ ತಂತಿ ಹಾಗೂ ಪ್ಲಗ್ ಇರುತ್ತವೆ. ಸಾಮಾನ್ಯ ಮಾದರಿಗಳಲ್ಲಿ ಸುರುಳಿಯನ್ನು ನಿಕ್ರೋಮ್ ತಂತಿಯಿಂದ ಸುತ್ತಿರುತ್ತಾರೆ. ನಿಕ್ಕಲ್ ಮತ್ತು ಕ್ರೋಮಿಯಮ್‌ಗಳ ಈ ಮಿಶ್ರಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದನು. ಕೆಂಪಗೆ ಕಾದರೂ ಇದು ಬೇಗನೆ ಉರಿದುಹೋಗುವುದಿಲ್ಲ. ಸುರುಳಿಗೂ ಕೊಳವೆಗೂ ನಡುವೆ ಅಭ್ರಕದ ಹಾಳೆ ಇರುತ್ತದೆ. ಅಭ್ರಕವು ಶಾಖವನ್ನು ತಾಳಿಕೊಳ್ಳುತ್ತದೆ, ವಿದ್ಯುತ್ತನ್ನು ಹರಿಯಗೊಡುವುದಿಲ್ಲ.

ಉಪಕರಣವು ಸ್ವಲ್ಪವೂ ಬಿಸಿಯಾಗದಿರುವುದು ಮೊದಲನೆಯ ದೋಷ. ಹೊರಗಿನಿಂದ ಒಳಕ್ಕೆ, ಸುಲಭವಾದುದರಿಂದ ಕಷ್ಟವಾದುದಕ್ಕೆ ಸಾಗುವುದು ಇಲ್ಲಿ ಅನುಸರಿಸಬೇಕಾದ ನಿಯಮ. ಗೋಡೆಯ ಸಾಕೆಟ್ಟಿನಲ್ಲಿ ವಿದ್ಯುತ್ ಇದೆಯೇ ಎಂಬುದನ್ನು ಮೇಜಿನ ದೀಪವೊಂದನ್ನು ಸೇರಿಸಿ ನೋಡಿದರೆ ತಿಳಿಯುವುದು. ದೀಪ ಉರಿದರೆ ದೋಷ ಉಪಕರಣದಲ್ಲೇ ಇದೆ ಎಂದಾಯಿತು. ಆಗ ಪ್ಲಗ್ಗನ್ನು ಸಾಕೆಟ್ಟಿನಿಂದ ಹೊರತೆಗೆದು, ಉಪಕರಣ ಪೂರ್ಣವಾಗಿ ತಣಿದ ಮೇಲೆಯೇ ಪರೀಕ್ಷೆಯನ್ನು ಮುಂದುವರಿಸಬೇಕು. ಸ್ವಿಚ್ಚನ್ನು ಆರಿಸಿದರಷ್ಟೇ ಸಾಲದು. ವಿದ್ಯಾರ್ಥಿಗಳು ಈ ಕೆಲಸವನ್ನು ಉಪಾಧ್ಯಾಯರ ಇಲ್ಲವೇ ಅನುಭವಿಗಳ ಸಮ್ಮುಖದಲ್ಲಿ ಮಾತ್ರ ಮಾಡತಕ್ಕದ್ದು.

ರೋಧವನ್ನು ಅಳೆಯುವ ಮಲ್ಟಿಮೀಟರ್ ಇಲ್ಲಿ ವೈದ್ಯನ ನಾಡಿಪರೀಕ್ಷೆಯಂತೆ ನೆರವಾಗುತ್ತದೆ. ವೋಲ್ಟುಗಳ ವರ್ಗವನ್ನು ವಾಟುಗಳಿಂದ ಭಾಗಿಸಿದರೆ ಸುರುಳಿಯ ರೋಧ ದೊರೆಯುವುದು. 230 ವೋಲ್ಟ್, 25 ವಾಟ್ ಎಂದು ಗುರುತಿಸಿರುವ ನಿಕ್ರೋಮ್ ಸುರುಳಿಯ ಉಪಕರಣಕ್ಕೆ ಇದು 2116 ಓಮ್ ಆಗುತ್ತದೆ. ಹೊರತೆಗೆದ ಪ್ಲಗ್ಗಿನ ಸಜೀವ ಮತ್ತು ತಟಸ್ಥ ಕಡ್ಡಿಗಳ ನಡುವೆ ಅಳೆದಾಗ ಸುಮಾರು ಇಷ್ಟೇ ರೋಧ ಕಂಡುಬಂದರೆ ಮಂಡಲ ಸರಿಯಾಗಿದೆ. ಅಳತೆ ಅನಂತವೆಂದು ತೋರಿದರೆ ತಂತಿ ಎಲ್ಲಿಯೋ ಕಡಿದಿದೆ. ಬಹುಮಟ್ಟಿಗೆ ಶೂನ್ಯವೆಂದು ತೋರಿದರೆ ಎರಡು ತಂತಿಗಳು ಒಂದನ್ನೊಂದು ಮುಟ್ಟಿವೆ. ಅಂತಹ ಉಪಕರಣವನ್ನು ಸಾಕೆಟ್ಟಿಗೆ ಸೇರಿಸಲೇಬಾರದು.

ಕಡಿದಿರುವುದು ಸುರುಳಿಯೋ ತಂತಿಯೋ ಎಂಬುದು ಮುಂದಿನ ಪ್ರಶ್ನೆ. ಹಿಡಿಯನ್ನು ಬಿಚ್ಚಿ, ಸುರುಳಿಯ ಎರಡು ಕೊನೆಗಳ ನಡುವೆ ನೇರವಾಗಿ ಅಳೆಯಬೇಕು. ಅಲ್ಲಿ ಸರಿಯಾದ ರೋಧ ಕಂಡರೆ ಸುರುಳಿ ನಿರ್ದೋಷಿ. ದೋಷ ತಂತಿಯಲ್ಲಿ ಅಥವಾ ಪ್ಲಗ್ಗಿನ ತಿರುಪಿನಲ್ಲಿ ಇದೆ. ಅಲ್ಲಿಯೂ ಅನಂತವೆಂದೇ ತೋರಿದರೆ ಸುರುಳಿ ಸುಟ್ಟಿದೆ. ಸುಟ್ಟ ಸುರುಳಿಯನ್ನು ಗಂಟುಹಾಕಿ ಜೋಡಿಸುವುದು ತರವಲ್ಲ. ಗಂಟಿನ ಜಾಗವೇ ಅತಿಯಾಗಿ ಕಾದು ಮತ್ತೆ ಕಡಿಯುವುದು. ಅದೇ ವೋಲ್ಟ್ ಮತ್ತು ವಾಟಿನ ಹೊಸ ಸುರುಳಿಯನ್ನು ಹಾಕಬೇಕು.

ಎರಡನೆಯ ದೋಷವು ಒಮ್ಮೆ ಕಾಯುವುದು, ಮತ್ತೊಮ್ಮೆ ತಣಿಯುವುದು. ಇದಕ್ಕೆ ಸಾಮಾನ್ಯವಾಗಿ ತಂತಿಯೇ ಕಾರಣ. ಕೆಲಸದ ವೇಳೆ ತಂತಿಯು ಹಿಡಿಯೊಳಗೆ ಪ್ರವೇಶಿಸುವ ಜಾಗದಲ್ಲಿ ಪದೇ ಪದೇ ಬಾಗುತ್ತದೆ. ಮೇಲಿನ ಹೊದಿಕೆ ಚೆನ್ನಾಗಿದ್ದರೂ ಒಳಗಿನ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಮೀಟರನ್ನು ಸೇರಿಸಿಕೊಂಡು ತಂತಿಯನ್ನು ಅಲ್ಲಲ್ಲಿ ಮೆಲ್ಲಗೆ ಬಾಗಿಸಿದಾಗ, ಮುರಿದ ಜಾಗಕ್ಕೆ ಬಂದೊಡನೆ ಅಳತೆ ಏರುಪೇರಾಗುವುದು. ಆ ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಭದ್ರವಾಗಿ ಜೋಡಿಸಬೇಕು, ಇಲ್ಲವೇ ತಂತಿಯನ್ನೇ ಬದಲಾಯಿಸಬೇಕು.

ಮೂರನೆಯದು, ಉಪಕರಣವು ಕಾದಿದ್ದರೂ ಬೆಸುಗೆ ಲೋಹ ಕರಗದಿರುವುದು. ಶುದ್ಧ ತವರವು 232 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಸೀಸವು 327 ಡಿಗ್ರಿಯಲ್ಲಿಯೂ ಕರಗುತ್ತವೆ. ಆದರೆ ನೂರು ಭಾಗಗಳಲ್ಲಿ 63 ಭಾಗ ತವರ, 37 ಭಾಗ ಸೀಸ ಬೆರೆತಾಗ ಆ ಮಿಶ್ರಣವು ಕೇವಲ 183 ಡಿಗ್ರಿಯಲ್ಲಿಯೇ ಕರಗುವುದು ಸೋಜಿಗದ ಸಂಗತಿ. ಈಗ ಬಳಕೆಗೆ ಬಂದಿರುವ ಸೀಸರಹಿತ ಲೋಹಗಳಲ್ಲಿ ಬಹುವಾಗಿ ಬಳಸುವಂಥವು ಸುಮಾರು 217 ಡಿಗ್ರಿಯಿಂದ ಕರಗತೊಡಗುತ್ತವೆ. ತುದಿಯು ಇದಕ್ಕಿಂತ ಬಹಳ ಹೆಚ್ಚು ಕಾದಿದ್ದರೂ ಕೆಲಸ ಕೆಡುವುದೇಕೆ? ಕಾದ ತಾಮ್ರವು ಗಾಳಿಯ ಆಮ್ಲಜನಕದೊಡನೆ ಕೂಡಿ ಕಪ್ಪು ಆಕ್ಸೈಡಿನ ಪದರವಾಗುತ್ತದೆ. ಶಾಖವು ಅದನ್ನು ಸುಲಭವಾಗಿ ದಾಟಲಾರದು. ಕರಗಿದ ಲೋಹವೂ ಅದಕ್ಕೆ ಅಂಟದೆ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಉಂಡೆಯಾಗಿ ಜಾರಿಬೀಳುತ್ತದೆ.

ಇದರ ಪರಿಹಾರವನ್ನು ನಮ್ಮ ಕಲಾಯಿಗಾರರು ಬಹು ಹಿಂದಿನಿಂದಲೂ ಬಲ್ಲರು. ಅವರು ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯಿಂದ ಅದರ ಮೈಯನ್ನು ಶುಚಿಗೊಳಿಸಿ, ಬಳಿಕ ತವರವನ್ನು ಹರಡುತ್ತಾರೆ. ಬೆಸುಗೆಯ ತುದಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಕಾದ ತುದಿಯನ್ನು ಒದ್ದೆಯ ಸ್ಪಂಜಿನಲ್ಲಿ ಒರೆಸಿ, ರಾಳವುಳ್ಳ ಬೆಸುಗೆ ಲೋಹವನ್ನು ಮುಟ್ಟಿಸಿದರೆ ಬೆಳ್ಳಗಿನ ಕಲಾಯಿ ಕೂರುವುದು. ಬರಿಯ ತಾಮ್ರದ ತುದಿಯಾದರೆ ತಣಿದ ಮೇಲೆ ಅರದಿಂದ ಉಜ್ಜಬಹುದು. ಕಬ್ಬಿಣದ ಲೇಪವಿರುವ ತುದಿಗೆ ಅರವನ್ನು ತಾಗಿಸಲೇಬಾರದು. ಲೇಪ ಹೋದರೆ ಒಳಗಿನ ತಾಮ್ರವು ಕರಗಿದ ತವರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆತು ತುದಿಯಲ್ಲಿ ಗುಳಿ ಬೀಳುವುದು.

ತುದಿ ಶುಚಿಯಾಗಿದ್ದರೂ ಕಾವು ಸಾಲದಿದ್ದರೆ ಬೇರೆ ಕಾರಣಗಳನ್ನು ನೋಡಬೇಕು. ತುದಿಯನ್ನು ಹಿಡಿದಿರುವ ತಿರುಪು ಸಡಿಲವಾಗಿದ್ದರೆ ಸುರುಳಿಯ ಶಾಖ ಅದಕ್ಕೆ ತಲುಪದು. ವೋಲ್ಟೇಜು ಕುಸಿದಿದ್ದರೂ ಹೀಗಾಗುತ್ತದೆ: 230 ವೋಲ್ಟಿಗೆ ಬದಲಾಗಿ 200 ವೋಲ್ಟ್ ದೊರೆತರೆ 25 ವಾಟಿನ ಉಪಕರಣವು ಸುಮಾರು 19 ವಾಟಿನಷ್ಟೇ ಕೆಲಸ ಮಾಡುವುದು. ದಪ್ಪ ತಂತಿಯನ್ನು ಚಿಕ್ಕ ಉಪಕರಣದಿಂದ ಬೆಸೆಯಲು ಹೊರಟರೆ, ತುದಿ ಕೊಟ್ಟ ಶಾಖವನ್ನೆಲ್ಲ ಆ ತಂತಿಯೇ ಸೆಳೆದುಕೊಂಡುಬಿಡುತ್ತದೆ. ಇನ್ನು ಕೆಲವರು ಬೆಸೆಯಬೇಕಾದ ಜಾಗವನ್ನು ಕಾಯಿಸದೆ ತುದಿಯ ಮೇಲೆಯೇ ಲೋಹವನ್ನು ಕರಗಿಸಿ ಸುರಿಯುತ್ತಾರೆ. ಆಗ ಬೆಸುಗೆ ಹಿಡಿಯದು. ಹಿಡಿದಂತೆ ಕಂಡರೂ ಕೆಲವು ದಿನಗಳಲ್ಲಿ ಬಿಡುವುದು. ಇಲ್ಲಿ ಉಪಕರಣವನ್ನು ದೂರುವುದು, ಕುಣಿಯಲಾರದವಳು ನೆಲ ಡೊಂಕು ಎಂದಂತೆಯೇ ಸರಿ.

ಇದುವರೆಗೆ ಹೇಳಿದ ದೋಷಗಳು ಕೆಲಸವನ್ನು ನಿಲ್ಲಿಸುತ್ತವೆ. ಆದುದರಿಂದ ತಾವಾಗಿಯೇ ಬಯಲಾಗುತ್ತವೆ. ಕೆಲಸಕ್ಕೆ ಅಡ್ಡಿ ಮಾಡದೆ ಅಡಗಿರುವ ನಾಲ್ಕನೆಯ ದೋಷವೇ ಎಲ್ಲಕ್ಕಿಂತ ಭಯಂಕರವಾದುದು. ಅಭ್ರಕದ ಹಾಳೆ ಬಿರಿದು ಸಜೀವ ತಂತಿಯು ಲೋಹದ ಕೊಳವೆಯನ್ನು ಮುಟ್ಟಿದರೂ ತುದಿ ಎಂದಿನಂತೆ ಕಾಯುತ್ತಿರಬಹುದು. ಆದರೆ ಕೊಳವೆಯನ್ನು ಮುಟ್ಟಿದವರಿಗೆ ಪ್ರಾಣಾಂತಕವಾದ ಆಘಾತವಾದೀತು. ಆದುದರಿಂದ ತಣಿದ ಉಪಕರಣದ ಪ್ಲಗ್ಗನ್ನು ಹೊರತೆಗೆದು, ಅದರ ಸಜೀವ ಹಾಗೂ ತಟಸ್ಥ ಕಡ್ಡಿಗಳಲ್ಲಿ ಒಂದೊಂದನ್ನೂ ಕೊಳವೆಯೊಡನೆ ಸೇರಿಸಿ ಅಳೆಯಬೇಕು. ಎರಡು ಬಾರಿಯೂ ರೋಧ ಅನಂತವಾಗಿರಬೇಕು. ಮೂರು ಎಳೆಯ ತಂತಿಯಿದ್ದಲ್ಲಿ, ಭೂಸಂಪರ್ಕದ ಕಡ್ಡಿಗೂ ಕೊಳವೆಗೂ ನಡುವಿನ ರೋಧವು ಶೂನ್ಯಕ್ಕೆ ಸಮೀಪವಾಗಿರಬೇಕು. ಆ ಮೂರನೆಯ ಎಳೆಯು ಕೆಲಸಕ್ಕೆ ಬೇಡವೆಂದು ಕತ್ತರಿಸಿಹಾಕುವವರೂ ಇದ್ದಾರೆ. ಉಪಕರಣ ಕಾಯಲು ಅದು ಬೇಕಿಲ್ಲ, ನಿಜ. ಮನುಷ್ಯನ ಪ್ರಾಣ ಉಳಿಯಲು ಬೇಕು.

ದೋಷವನ್ನು ಸರಿಪಡಿಸುವುದಕ್ಕಿಂತ ಬಾರದಂತೆ ತಡೆಯುವುದು ಲೇಸು. ಕಾದ ಉಪಕರಣವನ್ನು ಆಧಾರದ ಮೇಲೆಯೇ ಇರಿಸಬೇಕು. ತಂತಿಯು ತುದಿಗೆ ತಾಗದಂತೆ ನೋಡಿಕೊಳ್ಳಬೇಕು. ಕೆಲಸವಿಲ್ಲದಾಗ ವಿದ್ಯುತ್ತನ್ನು ಆರಿಸಬೇಕು. ಆರಿಸುವ ಮುನ್ನ ತುದಿಗೆ ಸ್ವಲ್ಪ ಬೆಸುಗೆ ಲೋಹವನ್ನು ಹಚ್ಚಿಟ್ಟರೆ ಆಕ್ಸೈಡು ಕಟ್ಟದು. ರಾಳದ ಹೊಗೆ ಉಸಿರಿಗೆ ಹಿತವಲ್ಲವಾದುದರಿಂದ ಗಾಳಿಯಾಡುವಲ್ಲಿ ಕೆಲಸ ಮಾಡಬೇಕು. ಸೀಸವು ವಿಷ, ಕೆಲಸ ಮುಗಿದೊಡನೆ ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಒಂದು ಚಿಕ್ಕ ಉಪಕರಣದ ದೋಷವನ್ನು ಹುಡುಕುವ ಈ ಬಗೆ ಅದಕ್ಕೆ ಮಾತ್ರ ಮೀಸಲಾದುದಲ್ಲ. ಕಂಡ ಲಕ್ಷಣದಿಂದ ಕಾಣದ ಕಾರಣಕ್ಕೆ ಸಾಗುವುದು, ಒಂದು ಬಾರಿಗೆ ಒಂದನ್ನೇ ಪರೀಕ್ಷಿಸುವುದು, ಅಳೆದು ನೋಡಿದ ಮೇಲೆಯೇ ತೀರ್ಮಾನಿಸುವುದು – ಇವು ವಿಜ್ಞಾನದ ಹಾದಿ. ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದು ತೋರುವಾಗಲೂ ಒಮ್ಮೆ ಪರೀಕ್ಷಿಸುವ ಎಚ್ಚರವು ಆ ಹಾದಿಯಲ್ಲಿ ನಡೆಯುವವರಿಗೆ ಇರಲೇಬೇಕು.